ಬಸ್ಸಿಗಿಂತ ಮೊದಲು ಡಿಪೋ

ಹೊಸ ಬಸ್ಸುಗಳಿಗೆ ಹಸಿರು ನಿಶಾನೆ ತೋರಿಸುವ ದಿನ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ನಮ್ಮ ಊರಿಗೆ ಎಷ್ಟು ಬಂದವು? ಬಾನೆಟ್ಟಿಗೆ ಮಾಲೆ ಬೀಳುತ್ತದೆ, ತೆಂಗಿನಕಾಯಿ ಒಡೆಯುತ್ತದೆ, ಮರುದಿನದ ಪತ್ರಿಕೆಯಲ್ಲಿ ಸಂಖ್ಯೆ ದಪ್ಪ ಅಕ್ಷರದಲ್ಲಿ ಬರುತ್ತದೆ. ಆ ಬಸ್ಸುಗಳು ರಾತ್ರಿ ಎಲ್ಲಿ ನಿಲ್ಲುತ್ತವೆ, ಯಾರು ತೊಳೆಯುತ್ತಾರೆ, ಯಾವ ಪಿಟ್ಟಿನ ಮೇಲೆ ನಿಲ್ಲಿಸಿ ಕೆಳಗಿನಿಂದ ಬ್ರೇಕ್ ಪರೀಕ್ಷಿಸುತ್ತಾರೆ ಎಂಬುದನ್ನು ಶಾಸಕರೂ ಕೇಳುವುದಿಲ್ಲ, ಪ್ರಯಾಣಿಕರೂ ಕೇಳುವುದಿಲ್ಲ. ಕೊಟ್ಟಿಗೆ ಕಟ್ಟದೆ ಜಾತ್ರೆಯಿಂದ ಎತ್ತು ಹಿಡಿದುಕೊಂಡು ಬಂದ ರೈತನನ್ನು ನೋಡಿ ಹಳ್ಳಿಯವರು ನಗುತ್ತಾರೆ; ನಗರಗಳು ಅದೇ ಕೆಲಸ ಮಾಡಿದರೆ ಸನ್ಮಾನ ಸಿಗುತ್ತದೆ. ಬೆಳಗಾವಿಯಂಥ ಊರಿನಲ್ಲಿ ಬೆಳಿಗ್ಗೆ ರಸ್ತೆಗೆ ಇಳಿಯುವ ಬಸ್ಸುಗಳ ಸಂಖ್ಯೆಯನ್ನು ಖರೀದಿ ಆದೇಶಕ್ಕಿಂತ ಹೆಚ್ಚಾಗಿ ತೀರ್ಮಾನಿಸುವುದು ಡಿಪೋ. ಹಾಗಾಗಿ ಮುಂದಿನ ಡಿಪೋಗಳಿಗೆ ಬೇಕಾದ ನೆಲವನ್ನು ಊರು ಬೆಳೆಯುತ್ತಿರುವ ದಿಕ್ಕಿನಲ್ಲಿ, ರಾಮತೀರ್ಥ ನಗರ, ಕಣಬರಗಿಯ ಕಡೆಯ ಅಂಚಿನಲ್ಲಿ, ನಿವೇಶನಗಳ ಕಲ್ಲು ನೆಡುವ ಮೊದಲೇ ತೆಗೆದಿಡಬೇಕು ಎಂಬುದು ನನ್ನ ವಾದ.

ಡಿಪೋ ಎಂದರೆ ಬಸ್ ನಿಲ್ಲಿಸುವ ಬಯಲು ಎಂಬ ಕಲ್ಪನೆಯಿಂದಲೇ ತೊಡಕು ಶುರುವಾಗುತ್ತದೆ. ನೂರು ಬಸ್ಸುಗಳ ಒಂದು ಡಿಪೋ ಇದೆ ಎಂದುಕೊಂಡು ಅದರ ಒಂದು ರಾತ್ರಿಯ ಲೆಕ್ಕ ಹಾಕಿ ನೋಡಿ. ನಗರ ಸಾರಿಗೆಯ ಬಸ್ಸುಗಳು ರಾತ್ರಿ ಎಂಟೂವರೆಯಿಂದ ಹನ್ನೊಂದರೊಳಗೆ ಒಳಗೆ ಬರುತ್ತವೆ, ಬೆಳಿಗ್ಗೆ ಐದೂವರೆಯಿಂದ ಎಂಟರೊಳಗೆ ಹೊರಡಬೇಕು. ನಡುವೆ ಕಂಡಕ್ಟರ್ ಹಣ ಕಟ್ಟಿ ಟಿಕೆಟ್ ಯಂತ್ರ ಒಪ್ಪಿಸುತ್ತಾರೆ. ಡ್ರೈವರ್ ಲಾಗ್ ಶೀಟಿನಲ್ಲಿ ಬ್ರೇಕ್ ಒಂದು ಕಡೆಗೆ ಎಳೆಯುತ್ತಿದೆ, ಕ್ಲಚ್ ಜಾರುತ್ತಿದೆ ಎಂದು ಬರೆಯುತ್ತಾರೆ. ಆಮೇಲೆ ಡೀಸೆಲ್. ಬಸ್ಸು ಪಂಪಿನ ಮುಂದೆ ಬಂದು ಟ್ಯಾಂಕ್ ತುಂಬಿಸಿಕೊಂಡು ಸರಿಯಲು ಐದು ನಿಮಿಷ ಸಾಕು ಎಂದುಕೊಂಡರೂ ಒಂದೇ ಪಂಪಿದ್ದರೆ ನೂರು ಬಸ್ಸಿಗೆ ಎಂಟು ಗಂಟೆ ಇಪ್ಪತ್ತು ನಿಮಿಷ ಬೇಕು, ಎರಡಿದ್ದರೆ ನಾಲ್ಕು ಗಂಟೆಗಿಂತ ಹೆಚ್ಚು. ತೊಳೆಯಲು ಒಂದಕ್ಕೆ ಹತ್ತು ನಿಮಿಷದಂತೆ ಒಂದೇ ರ‍್ಯಾಂಪಿನಲ್ಲಿ ಹದಿನಾರು ಗಂಟೆ ದಾಟುತ್ತದೆ. ರಾತ್ರಿ ಅಷ್ಟು ಉದ್ದ ಇರುವುದಿಲ್ಲ. ನೂರರಲ್ಲಿ ಹತ್ತು ಬಸ್ಸುಗಳಿಗೆ ಮಾತ್ರ ಪಿಟ್ಟಿನ ಮೇಲೆ ಒಂದೊಂದು ಗಂಟೆಯ ಕೆಲಸವಿದೆ ಎಂದಿಟ್ಟುಕೊಂಡರೂ ಎರಡು ಪಿಟ್ಟುಗಳಿಗೆ ಐದು ಗಂಟೆ ಬಿಡುವಿಲ್ಲ. ಇದೆಲ್ಲ ಒಂದರ ಹಿಂದೆ ಒಂದು ಸರಾಗವಾಗಿ ನಡೆಯಬೇಕಾದರೆ ಬಸ್ಸು ಒಂದು ಗೇಟಿನಿಂದ ಒಳಬಂದು, ಪಂಪು, ರ‍್ಯಾಂಪು, ಪಿಟ್ಟು ದಾಟಿ, ಬೇರೊಂದು ಗೇಟಿನ ಹತ್ತಿರ ಬೆಳಗಿನ ಶೆಡ್ಯೂಲಿನ ಸರದಿಯಲ್ಲೇ ನಿಲ್ಲುವಂತಿರಬೇಕು. ಇಕ್ಕಟ್ಟಾದ ಅಂಗಳದಲ್ಲಿ ಐದೂವರೆಗೆ ಹೊರಡುವ ಬಸ್ಸಿನ ಮುಂದೆ ಏಳಕ್ಕೆ ಹೊರಡುವ ಮೂರು ಬಸ್ಸುಗಳು ನಿಂತಿರುತ್ತವೆ. ಅವನ್ನು ಹಿಂದೆ ಮುಂದೆ ಸರಿಸಲು ಡೀಸೆಲ್ಲೂ ಹೋಗುತ್ತದೆ, ಹೊತ್ತೂ ಹೋಗುತ್ತದೆ, ಕೆಲವೊಮ್ಮೆ ಪಕ್ಕದ ಬಸ್ಸಿನ ಕನ್ನಡಿಯೂ ಹೋಗುತ್ತದೆ.

ಜಾಗ ಕಡಿಮೆಯಾದಾಗ ಮೊದಲು ಬಿಟ್ಟುಹೋಗುವುದು ಓಟವಲ್ಲ, ನಿರ್ವಹಣೆ. ಬೆಳಿಗ್ಗೆ ಗೇಟು ದಾಟದ ಬಸ್ಸನ್ನು ಎಲ್ಲರೂ ಎಣಿಸುತ್ತಾರೆ; ಪಿಟ್ಟು ಸಿಗದೆ ನಾಳೆಗೆ ಮುಂದೂಡಿದ ಬ್ರೇಕಿನ ದೂರನ್ನು ಯಾರೂ ಎಣಿಸುವುದಿಲ್ಲ. ಮುಂದೂಡಿದ ಕೆಲಸ ಒಂದು ದಿನ ಜಾಂಬೋಟಿ ರಸ್ತೆಯಲ್ಲಿ ಕೆಟ್ಟು ನಿಂತ ಬಸ್ಸಾಗಿ ಪ್ರಯಾಣಿಕರ ಕಣ್ಣಿಗೆ ಬೀಳುತ್ತದೆ, ಆಗ ಬೈಗುಳ ತಿನ್ನುವವರು ಡ್ರೈವರ್ ಮತ್ತು ಮೆಕ್ಯಾನಿಕ್. ಸಾರಿಗೆ ಸಂಸ್ಥೆಗಳಲ್ಲಿ ದುರಸ್ತಿಗೆ ಮೂರು ಮೆಟ್ಟಿಲುಗಳಿವೆ. ದಿನನಿತ್ಯದ ಮತ್ತು ನಿಗದಿತ ಕಿಲೋಮೀಟರ್ ಓಟದ ನಂತರದ ಕೆಲಸ ಡಿಪೋದಲ್ಲಿ. ಅರ್ಹತಾ ಪತ್ರಕ್ಕೆ, ಜನರ ಮಾತಿನಲ್ಲಿ ಎಫ್‌ಸಿಗೆ, ಬಸ್ಸನ್ನು ಸಜ್ಜುಗೊಳಿಸುವಂಥ ದೊಡ್ಡ ಕೆಲಸ ವಿಭಾಗೀಯ ಕಾರ್ಯಾಗಾರದಲ್ಲಿ. ಅದಕ್ಕೂ ಭಾರಿಯಾದದ್ದು ಪ್ರಾದೇಶಿಕ ಕಾರ್ಯಾಗಾರದಲ್ಲಿ. 1997ರ ನವೆಂಬರ್ 1ರಂದು ಪ್ರತ್ಯೇಕಗೊಂಡ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಗೆ ಹುಬ್ಬಳ್ಳಿಯೇ ಕೇಂದ್ರ ಕಚೇರಿ, ಪ್ರಾದೇಶಿಕ ಕಾರ್ಯಾಗಾರವೂ ಅಲ್ಲೇ. ಕೆಳಗಿನ ಮೆಟ್ಟಿಲಿನಲ್ಲಿ ಆಗಬೇಕಾದ ಸಣ್ಣ ಕೆಲಸ ತಪ್ಪಿದರೆ ಅದು ದೊಡ್ಡದಾಗಿ ಮೇಲಿನ ಮೆಟ್ಟಿಲಿಗೆ ಹೋಗುತ್ತದೆ, ಬಸ್ಸು ಒಂದು ರಾತ್ರಿಯ ಬದಲು ವಾರಗಟ್ಟಲೆ ರಸ್ತೆಯಿಂದ ದೂರ ಉಳಿಯುತ್ತದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ಬಸ್ಸುಗಳು ತುಂಬಿ ಓಡುತ್ತಿವೆ. ಅದು ಸಂತೋಷದ ಸಂಗತಿ. ಆದರೆ ತುಂಬಿದ ಬಸ್ಸಿನ ಕ್ಲಚ್ಚು, ಸ್ಪ್ರಿಂಗು, ಬ್ರೇಕ್ ಲೈನರ್, ಬಾಗಿಲು ಬೇಗ ಸವೆಯುತ್ತವೆ. ಟಿಕೆಟ್ಟಿನ ಹಣ ಸರ್ಕಾರ ತುಂಬಿಕೊಟ್ಟಿತೇ ಎಂಬ ಬಗ್ಗೆ ನಡೆದಷ್ಟು ಚರ್ಚೆ, ಹೆಚ್ಚಿದ ಸವೆತಕ್ಕೆ ಪಿಟ್ಟುಗಳು ಹೆಚ್ಚಿದವೇ ಎಂಬ ಬಗ್ಗೆ ನಡೆಯಲಿಲ್ಲ.

ಖಾನಾಪುರದ ವಿಷಯದಲ್ಲಿ ಇದಕ್ಕೆ ಮಳೆಯೂ ಸೇರಿಕೊಳ್ಳುತ್ತದೆ. ಬೆಳಗಾವಿ ನಗರದ ಮಳೆಯನ್ನೇ ಬಯಲುಸೀಮೆಯವರು ಅತಿಯೆನ್ನುತ್ತಾರೆ. ಖಾನಾಪುರ ತಾಲ್ಲೂಕಿನ ಪಶ್ಚಿಮ ಅಂಚಿನಲ್ಲಿ, ಮಲಪ್ರಭೆ ಹುಟ್ಟುವ ಕಣಕುಂಬಿಯ ಸುತ್ತ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವುದು ಬೇರೆಯದೇ ಮಳೆ. ಅಲ್ಲಿಂದ ಮುಂದೆ ಚೋರ್ಲಾ ಘಾಟಿನಲ್ಲಿ ಗೋವಾಕ್ಕೆ ಇಳಿಯುವ ರಸ್ತೆ. ಈ ಹಾದಿಯಲ್ಲಿ ಓಡುವ ಬಸ್ಸಿನ ತಳಭಾಗಕ್ಕೆ ಕೆಂಪು ರಾಡಿ ಮೆತ್ತುತ್ತದೆ, ಚಾಸಿಗೆ ತುಕ್ಕು ಹಿಡಿಯುತ್ತದೆ, ವೈಪರಿನ ರಬ್ಬರು ತಿಂಗಳೊಳಗೆ ಹರಿಯುತ್ತದೆ. ಬ್ರೇಕ್ ಸರಿಯಿದೆಯೇ ಎಂದು ಘಾಟಿನಲ್ಲಿ ನೋಡಿಕೊಳ್ಳಲು ಆಗುವುದಿಲ್ಲ, ಹಿಂದಿನ ರಾತ್ರಿಯೇ ನೋಡಿರಬೇಕು. ಅದನ್ನು ನೋಡುವ ಮೆಕ್ಯಾನಿಕ್ ಸುರಿಯುವ ಮಳೆಯಲ್ಲಿ, ಬಯಲಲ್ಲಿ, ಗೋಣಿಚೀಲ ಹಾಸಿಕೊಂಡು ಬಸ್ಸಿನ ಕೆಳಗೆ ಮಲಗಬೇಕಾದರೆ ಎಷ್ಟು ಹೊತ್ತು ಎಷ್ಟು ಎಚ್ಚರದಿಂದ ನೋಡಿಯಾನು? ಮೇಲೆ ಛಾವಣಿ, ಕೆಳಗೆ ನೀರು ನಿಲ್ಲದ ಪಿಟ್ಟು, ಒಳಗೆ ಬೆಳಕು ಇದ್ದರೆ ಅದೇ ಮನುಷ್ಯ ಅದೇ ಸಂಬಳಕ್ಕೆ ಬೇರೆ ಗುಣಮಟ್ಟದ ಕೆಲಸ ಮಾಡುತ್ತಾನೆ. ಮಲೆನಾಡಿನ ಡಿಪೋಗಳಿಗೆ ಗ್ರಾನೈಟ್ ಹಾಸಿದ ಬಸ್ ನಿಲ್ದಾಣಕ್ಕಿಂತ ಮೊದಲು ಬೇಕಾದದ್ದು ಈ ಛಾವಣಿ. ನಿಲ್ದಾಣ ಉದ್ಘಾಟನೆಗೆ ಒದಗುತ್ತದೆ, ಪಿಟ್ಟು ಒದಗುವುದಿಲ್ಲ. ಹಣ ಯಾವ ಕಡೆ ಹರಿಯುತ್ತದೆಂದು ಬಿಡಿಸಿ ಹೇಳಬೇಕಿಲ್ಲ.

ಇನ್ನು ನೆಲದ ಮಾತು. ದೊಡ್ಡ ಬಸ್ಸಿನ ಉದ್ದ 12 ಮೀಟರ್, ಅಗಲ ಎರಡೂವರೆ ಮೀಟರ್‌ಗಿಂತ ತುಸು ಹೆಚ್ಚು. ಬರೀ ಅದರ ಮೈಗೆ 31 ಚದರ ಮೀಟರ್ ಬೇಕು. ತಿರುಗಲು, ಪಕ್ಕದ್ದನ್ನು ಸರಿಸದೆ ಹೊರಬರಲು ಬೇಕಾದ ಹಾದಿ ಸೇರಿಸಿದರೆ ಒಂದು ಬಸ್ಸಿಗೆ 100ರಿಂದ 150 ಚದರ ಮೀಟರ್ ಹಿಡಿಯಬೇಕು. ನೂರು ಬಸ್ಸಿಗೆ ನಿಲುಗಡೆಗೇ ಎರಡೂವರೆಯಿಂದ ಮೂರೂಮುಕ್ಕಾಲು ಎಕರೆ. ಕಾರ್ಯಾಗಾರ, ಪಿಟ್ಟು, ಡೀಸೆಲ್ ಬಂಕು, ತೊಳೆಯುವ ರ‍್ಯಾಂಪು, ಬಿಡಿಭಾಗದ ಉಗ್ರಾಣ, ಸಿಬ್ಬಂದಿಯ ವಿಶ್ರಾಂತಿ ಕೊಠಡಿ ಎಲ್ಲ ಸೇರಿ ಐದಾರು ಎಕರೆಯ ಒಂದೇ ತುಂಡು ಬೇಕಾಗುತ್ತದೆ. ನಮ್ಮ ಬಡಾವಣೆಗಳ ಲೆಕ್ಕಾಚಾರದಲ್ಲಿ ಇಂಥ ತುಂಡು ಉಳಿಯುವುದೇ ಅಪರೂಪ. ರಾಮತೀರ್ಥ ನಗರದಂತೆ ನಗರಾಭಿವೃದ್ಧಿ ಪ್ರಾಧಿಕಾರ, ಅಂದರೆ ಬುಡಾ, ರೂಪಿಸುವ ಬಡಾವಣೆಗಳಲ್ಲಿ ರಸ್ತೆ, ಉದ್ಯಾನ ಬಿಟ್ಟು ನಾಗರಿಕ ಸೌಲಭ್ಯಕ್ಕೆ ಸಾಮಾನ್ಯವಾಗಿ ಸಿಗುವುದು ಶೇಕಡಾ 5ರ ಆಸುಪಾಸು. ನೂರು ಎಕರೆಯ ಬಡಾವಣೆಯಲ್ಲಿ ಅದು ಐದು ಎಕರೆ. ಅದರಲ್ಲೇ ಶಾಲೆ, ಆಸ್ಪತ್ರೆ, ನೀರಿನ ಟ್ಯಾಂಕು, ಸಮುದಾಯ ಭವನ ಎಲ್ಲಕ್ಕೂ ಪಾಲು; ಗುಂಟೆಗಳ ಲೆಕ್ಕದಲ್ಲಿ ಹರಿದು ಹಂಚಿದ ಮೇಲೆ ಡಿಪೋಗೆ ಏನೂ ಉಳಿಯುವುದಿಲ್ಲ. ಕಾನೂನು ಇದನ್ನು ಮರೆತಿದೆ ಎನ್ನುವಂತಿಲ್ಲ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ 1976ರ ಕಾಯ್ದೆಯಲ್ಲಿ ನಾಗರಿಕ ಸೌಲಭ್ಯ ಎಂದರೆ ಏನೇನು ಎಂದು ವಿವರಿಸುವಲ್ಲಿ ಶಾಲೆ, ಗ್ರಂಥಾಲಯ, ಹೆರಿಗೆ ಆಸ್ಪತ್ರೆಗಳ ಸಾಲಿನಲ್ಲೇ ಬಸ್ ಡಿಪೋದ ಹೆಸರೂ ಇದೆ. ಹೆಸರಿದ್ದರೂ ನಕ್ಷೆಗೆ ಇಳಿಯುವುದಿಲ್ಲ, ಏಕೆಂದರೆ ನಿವೇಶನ ಮಾಡುವುದು ಪ್ರಾಧಿಕಾರ, ರಸ್ತೆ ನೋಡಿಕೊಳ್ಳುವುದು ಮಹಾನಗರ ಪಾಲಿಕೆ, ಬಸ್ಸು ಓಡಿಸುವುದು ಹುಬ್ಬಳ್ಳಿಯಲ್ಲಿ ಕಚೇರಿಯಿರುವ ಸಂಸ್ಥೆ. ನಾಲ್ಕೈದು ನೆರೆಯ ಬಡಾವಣೆಗಳ ಪಾಲಿನಿಂದ ಒಂದಿಷ್ಟು ಒಟ್ಟುಗೂಡಿಸಿ ಒಂದು ದೊಡ್ಡ ತುಂಡು ಮಾಡುವ ಅಧಿಕಾರವನ್ನು ಯಾರೂ ತಮ್ಮದೆಂದು ಭಾವಿಸಿಲ್ಲ.

ಅಷ್ಟು ದುಬಾರಿ ನೆಲ ಊರೊಳಗೇ ಯಾಕೆ, ಇಪ್ಪತ್ತು ಮೂವತ್ತು ಕಿಲೋಮೀಟರ್ ಆಚೆ ಅಗ್ಗಕ್ಕೆ ಸಿಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ, ಉತ್ತರಕ್ಕೆ ಲೆಕ್ಕ ಬೇಕು. ಬೆಳಗಾವಿಯಿಂದ ಖಾನಾಪುರ ಸುಮಾರು 26 ಕಿಲೋಮೀಟರ್. ನಗರದ ನೂರು ಬಸ್ಸುಗಳನ್ನು ರಾತ್ರಿ ಅಷ್ಟು ದೂರ ಕಳುಹಿಸಿ ಬೆಳಿಗ್ಗೆ ಕರೆಸಿಕೊಂಡರೆ ದಿನಕ್ಕೆ 5,200 ಕಿಲೋಮೀಟರ್ ಖಾಲಿ ಓಟ. ಲೀಟರಿಗೆ ಐದು ಕಿಲೋಮೀಟರ್ ಎಂದರೆ 1,040 ಲೀಟರ್ ಡೀಸೆಲ್, ಲೀಟರಿಗೆ 90 ರೂಪಾಯಿಯಂತೆ ವರ್ಷಕ್ಕೆ ಸುಮಾರು 3 ಕೋಟಿ 40 ಲಕ್ಷ ರೂಪಾಯಿ. ಒಬ್ಬ ಪ್ರಯಾಣಿಕನೂ ಹತ್ತದ ಓಟಕ್ಕೆ. ಡ್ರೈವರ್ ಕಂಡಕ್ಟರುಗಳ ಎಂಟು ಗಂಟೆಯ ಪಾಳಿಯಲ್ಲಿ ಹೋಗಿಬರುವ ಹೊತ್ತು ಬೇರೆ ಕಳೆಯಬೇಕು. ಒಮ್ಮೆ ಉಳಿಸಿದ ನೆಲದ ಬೆಲೆಯನ್ನು ಸಂಸ್ಥೆ ಪ್ರತಿವರ್ಷ ಕಂತಿನಲ್ಲಿ ಕಟ್ಟುತ್ತಲೇ ಇರಬೇಕಾಗುತ್ತದೆ. ಹಳ್ಳಿಗೆ ಹೋಗುವ ವಸ್ತಿ ಬಸ್ಸು ಡಿಪೋ ಇಲ್ಲದೆಯೇ ರಾತ್ರಿ ಕಳೆಯುವುದಿಲ್ಲವೇ ಎಂದೂ ಕೆಲವರು ವಾದಿಸಬಹುದು. ಕಳೆಯುತ್ತದೆ. ನಂದಗಡದ ಆಚೆಯ ಹಳ್ಳಿಯೊಂದರಲ್ಲಿ ನಿಂತು ಬೆಳಗಿನ ಮೊದಲ ಪ್ರಯಾಣಿಕರನ್ನು ತರುವ ಆ ಬಸ್ಸು ಹಗಲಿನಲ್ಲಿ ಎಲ್ಲೋ ಒಂದು ಗಂಟೆ ಡಿಪೋಗೆ ಬಂದು ಡೀಸೆಲ್ ಹಾಕಿಸಿಕೊಂಡು ತಪಾಸಣೆ ಮುಗಿಸಿ ಹೋಗುತ್ತದೆ. ಬೆಳಗಿನಿಂದ ರಾತ್ರಿಯವರೆಗೆ ಬಿಡುವಿಲ್ಲದೆ ಓಡಬೇಕಾದ ನಗರ ಬಸ್ಸಿಗೆ ಹಗಲಲ್ಲಿ ಆ ಒಂದು ಗಂಟೆ ಸಿಗುವುದಿಲ್ಲ.

ಹೆಚ್ಚು ತೂಕದ ಆಕ್ಷೇಪ ಬರುವುದು ನಿವಾಸಿಗಳಿಂದ. ಜೀವಮಾನದ ಉಳಿತಾಯ ಹಾಕಿ ರಾಮತೀರ್ಥ ನಗರದಲ್ಲಿ ಮನೆ ಕಟ್ಟಿದವರು ಪಕ್ಕದಲ್ಲಿ ಡಿಪೋ ಬರುತ್ತದೆಂದರೆ ಸಿಟ್ಟಾಗುವುದು ಸಹಜ. ಬೆಳಗಿನ ಐದಕ್ಕೆ ಬ್ರೇಕಿನ ಗಾಳಿಯ ಒತ್ತಡ ಏರಿಸಲು ಹತ್ತಾರು ಎಂಜಿನ್‌ಗಳು ಒಟ್ಟಿಗೆ ಗುರುಗುಟ್ಟುತ್ತವೆ, ಹೊಗೆ ಏಳುತ್ತದೆ. ತೊಳೆದ ನೀರಿನ ಜೊತೆ ಎಣ್ಣೆ ಚರಂಡಿಗೆ ಇಳಿದರೆ ತಗ್ಗಿನ ಕೆರೆ ಬಾವಿಗಳಿಗೆ ಸೇರುತ್ತದೆ. ಸ್ಮಾರ್ಟ್ ಸಿಟಿ ಹಣದಲ್ಲಿ ಕಣಬರಗಿ ಕೆರೆಯನ್ನು ಚೊಕ್ಕಗೊಳಿಸಿದ ಊರು ಅದನ್ನು ಲಘುವಾಗಿ ತೆಗೆದುಕೊಳ್ಳುವಂತಿಲ್ಲ. ಈ ದೂರುಗಳನ್ನು ಸ್ವಾರ್ಥವೆಂದು ತಳ್ಳಿಹಾಕುವವರ ಜೊತೆ ನಾನಿಲ್ಲ. ಆದರೆ ಇವೆಲ್ಲ ಡಿಪೋ ಬೇಡವೆನ್ನಲು ಕಾರಣಗಳಿಗಿಂತ ಹೆಚ್ಚಾಗಿ ಡಿಪೋ ಹೇಗಿರಬೇಕೆಂಬ ಷರತ್ತುಗಳು. ಬಳಸಿದ ಎಂಜಿನ್ ಎಣ್ಣೆ 2016ರ ನಿಯಮಗಳ ಪ್ರಕಾರ ಅಪಾಯಕಾರಿ ತ್ಯಾಜ್ಯ, ಅದನ್ನು ಪರವಾನಗಿ ಇರುವವರಿಗೇ ಒಪ್ಪಿಸಬೇಕು. ತೊಳೆಯುವ ರ‍್ಯಾಂಪಿನ ನೀರು ಎಣ್ಣೆ ಬೇರ್ಪಡಿಸುವ ತೊಟ್ಟಿ ದಾಟಿಯೇ ಹೊರಹೋಗಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಜಾಗವನ್ನು ಸರಿಯಾಗಿ ಆರಿಸಬೇಕು. ರಾಮತೀರ್ಥ ನಗರದ ಮಗ್ಗುಲಲ್ಲೇ ಆಟೋ ನಗರವಿದೆ. ಗ್ಯಾರೇಜು, ಲೇತು, ಬಿಡಿಭಾಗದ ಅಂಗಡಿಗಳ ಸದ್ದಿಗೆ ಒಗ್ಗಿದ ಪ್ರದೇಶ. ಇನ್ನೊಂದು ಬದಿಗೆ ಪುಣೆ–ಬೆಂಗಳೂರು ಹೆದ್ದಾರಿ. ಡಿಪೋ ಬರಬೇಕಾದದ್ದು ಮನೆಗಳ ಸಾಲಿನ ನಡುವೆ ಅಲ್ಲ, ಈ ಉದ್ಯಮ ಪ್ರದೇಶ ಮತ್ತು ಹೆದ್ದಾರಿಯ ಮಗ್ಗುಲಿಗೆ. ಈಗಲೇ ಗುರುತಿಸಿ ನಕ್ಷೆಯಲ್ಲಿ ಬರೆದರೆ ಪಕ್ಕದ ನಿವೇಶನ ಕೊಳ್ಳುವವನು ತಿಳಿದೇ ಕೊಳ್ಳುತ್ತಾನೆ. ಮನೆಗಳು ಎದ್ದ ಮೇಲೆ ತುರುಕುವ ಡಿಪೋಗೆ ವಿರೋಧವೂ ಹೆಚ್ಚು, ವಿರೋಧದಲ್ಲಿ ನ್ಯಾಯವೂ ಹೆಚ್ಚು.

ದೆಹಲಿಗೆ ಈ ಪಾಠ ತಡವಾಗಿ ಸಿಕ್ಕಿತು. 2010ರ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆಂದು ಅವಸರದಲ್ಲಿ ಯಮುನೆಯ ಪ್ರವಾಹ ಬಯಲಿನ ಮೇಲೆ ಮಿಲೇನಿಯಂ ಡಿಪೋ ಕಟ್ಟಿದರು. ಎರಡು ವರ್ಷದಲ್ಲಿ ಅದನ್ನು ಸ್ಥಳಾಂತರಿಸಿ ಎಂದು ಹೈಕೋರ್ಟ್ ಹೇಳಬೇಕಾಯಿತು. ಆಮೇಲಿನ ವರ್ಷಗಳಲ್ಲಿ ಹೊಸ ಬಸ್ ಯಾಕೆ ಕೊಳ್ಳುತ್ತಿಲ್ಲ ಎಂದು ಕೇಳಿದಾಗಲೆಲ್ಲ ಅಲ್ಲಿನ ಸರ್ಕಾರ ಕೊಟ್ಟ ಕಾರಣಗಳಲ್ಲೊಂದು, ನಿಲ್ಲಿಸಲು ಜಾಗವಿಲ್ಲ ಎಂಬುದು. ಮುಂಬೈಯ ಬೆಸ್ಟ್ ಸಂಸ್ಥೆ ಇದರ ವಿರುದ್ಧ ದಾರಿ ಹಿಡಿಯಿತು: ಕೈಯಲ್ಲಿದ್ದ ಡಿಪೋಗಳಲ್ಲಿ ಕೆಲವನ್ನು ಖಾಸಗಿ ಬಿಲ್ಡರುಗಳೊಂದಿಗೆ ಸೇರಿ ವಾಣಿಜ್ಯ ಕಟ್ಟಡಗಳಾಗಿಸಲು ಹೊರಟಿತು. ಹಣದ ಮುಗ್ಗಟ್ಟು ತೀರಲಿಲ್ಲ, ಬಸ್ಸುಗಳ ಸಂಖ್ಯೆಯೂ ಏರಲಿಲ್ಲ. ನಮ್ಮಲ್ಲೂ ಕೋಟಿಗಟ್ಟಲೆ ಬೆಲೆಯ ನೆಲದಲ್ಲಿ ಹಳೆ ಬಸ್ ನಿಲ್ಲಿಸುವುದು ದಡ್ಡತನ, ಮಾಲ್ ಕಟ್ಟಿ ಬಾಡಿಗೆ ತೆಗೆದುಕೊಳ್ಳಿ ಎನ್ನುವ ಸಲಹೆ ಆಗಾಗ ಬರುತ್ತದೆ. ಬೆಂಗಳೂರಿನಲ್ಲಿ ಶಾಂತಿನಗರ, ಯಶವಂತಪುರದಂಥ ಕಡೆ ಕೇಂದ್ರದ ನರ್ಮ್ ಯೋಜನೆಯ ನೆರವಿನಲ್ಲಿ ಬಸ್ ನಿಲ್ದಾಣದ ಮೇಲೆ ಬಾಡಿಗೆ ಮಹಡಿಗಳೆದ್ದಿವೆ. ಮೇಲೆ ಕಟ್ಟುವುದಕ್ಕೆ ನನ್ನ ತಕರಾರಿಲ್ಲ, ಕೆಳಗಿನ ಅಂಗಳ ಒಂದು ಗುಂಟೆಯೂ ಕಡಿಮೆಯಾಗದಿದ್ದರೆ. ಆದರೆ ಖಾಲಿ ಬಸ್ಸೇ ಹತ್ತು ಟನ್ನಿನಷ್ಟು ತೂಗುತ್ತದೆ, ತಿರುಗಲು ಅಗಲವಾದ ಜಾಗ ಕೇಳುತ್ತದೆ. ಮಹಡಿ ಹೊರುವ ಕಂಬಗಳು ಎದ್ದಲ್ಲೆಲ್ಲ ಅಂಗಳ ಕುಗ್ಗುತ್ತದೆ. ಹಾಂಗ್‌ಕಾಂಗ್, ಸಿಂಗಪುರಗಳಲ್ಲಿ ಬಹುಮಹಡಿ ಡಿಪೋಗಳಿರುವುದು ಅಲ್ಲಿ ಬೇರೆ ನೆಲವೇ ಇಲ್ಲದ್ದರಿಂದ. ಬೆಳಗಾವಿಯ ಉತ್ತರದಲ್ಲಿ ಇನ್ನೂ ನೆಲವಿದೆ.

ಎಲೆಕ್ಟ್ರಿಕ್ ಬಸ್ಸು ಬಂದರೆ ಹೊಗೆಯೂ ಇಲ್ಲ, ಡೀಸೆಲ್ ಬಂಕೂ ಇಲ್ಲ, ಓಡಿಸುವವರು ಗುತ್ತಿಗೆದಾರರು; ಡಿಪೋದ ಚಿಂತೆ ಸಂಸ್ಥೆಗೆ ಯಾಕೆ ಎಂಬ ಮಾತು ಈಚೆಗೆ ಕೇಳಿಬರುತ್ತಿದೆ. ಇದು ಪೂರ್ತಿ ತಿರುವುಮುರುವು. ಡೀಸೆಲ್ ಬಸ್ಸು ಎಲ್ಲಾದರೂ ಐದು ನಿಮಿಷದಲ್ಲಿ ಟ್ಯಾಂಕ್ ತುಂಬಿಸಿಕೊಂಡೀತು, ಎಲೆಕ್ಟ್ರಿಕ್ ಬಸ್ಸು ಗಂಟೆಗಟ್ಟಲೆ ತನ್ನ ಜಾಗ ಬಿಟ್ಟು ಕದಲುವಂತಿಲ್ಲ. ದಿನಕ್ಕೆ 200 ಯೂನಿಟ್ ವಿದ್ಯುತ್ ಬೇಕಾದ ನೂರು ಬಸ್ಸುಗಳನ್ನು ರಾತ್ರಿಯ ಆರು ಗಂಟೆಯಲ್ಲಿ ಚಾರ್ಜ್ ಮಾಡಲು ಮೂರು ಮೆಗಾವಾಟ್‌ಗಿಂತ ಹೆಚ್ಚು ಸಾಮರ್ಥ್ಯ ಬೇಕು. ಹೆಸ್ಕಾಂ ಅದಕ್ಕೆ ಪ್ರತ್ಯೇಕ ಮಾರ್ಗವನ್ನೇ ಎಳೆಯಬೇಕಾಗುತ್ತದೆ, ಅದು ಎಲ್ಲಿಗೆ ಎಂದು ವರ್ಷಗಳ ಮೊದಲೇ ಗೊತ್ತಿರಬೇಕು. 2023ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ಇ–ಬಸ್ ಸೇವಾ ಯೋಜನೆ 3 ಲಕ್ಷದಿಂದ 40 ಲಕ್ಷ ಜನಸಂಖ್ಯೆಯ ನಗರಗಳಿಗೆಂದು 10,000 ಬಸ್ಸುಗಳ ಗುರಿ ಇಟ್ಟುಕೊಂಡಿದೆ. 2011ರ ಜನಗಣತಿಯ ಪ್ರಕಾರ ಬೆಳಗಾವಿ ಆ ಮಿತಿಯೊಳಗೇ ಬರುತ್ತದೆ. ಡಿಪೋದ ಕಟ್ಟಡಕ್ಕೂ ವಿದ್ಯುತ್ ಸಂಪರ್ಕಕ್ಕೂ ಅದರಲ್ಲಿ ನೆರವಿದೆ, ನೆಲವನ್ನು ಮಾತ್ರ ಸ್ಥಳೀಯರೇ ಹೊಂದಿಸಬೇಕು. ಗುತ್ತಿಗೆದಾರನೇ ನೆಲ ತರಲಿ ಎಂದರೆ ನೆಲವಿರುವವನು ಮಾತ್ರ ಟೆಂಡರ್ ಹಾಕುತ್ತಾನೆ, ನಾಳೆ ಅವನು ಕೈಯೆತ್ತಿದರೆ ಡಿಪೋ ಕೂಡ ಅವನ ಜೊತೆಗೇ ಹೋಗುತ್ತದೆ. ಮುಂಬೈಯಲ್ಲಿ ಬಾಡಿಗೆ ಬಸ್ಸಿನ ಗುತ್ತಿಗೆದಾರರು ನಡುವೆಯೇ ಬಿಟ್ಟುಹೋದ ಉದಾಹರಣೆಗಳಿವೆ. 2016ರಲ್ಲಿ ಬಸ್ ಓಟವನ್ನು ಟೆಂಡರ್ ಪದ್ಧತಿಗೆ ತಂದ ಸಿಂಗಪುರ, ಖಾಸಗಿಯವರನ್ನು ಬೇಡವೆನ್ನದ ದೇಶವಾದರೂ ಡಿಪೋಗಳನ್ನು ಸರ್ಕಾರದ ಕೈಯಲ್ಲೇ ಇಟ್ಟುಕೊಂಡಿತು. ಓಡಿಸುವ ಕಂಪನಿ ಬದಲಾದರೂ ಅಂಗಳ ಬದಲಾಗದಿರಲಿ ಎಂಬುದು ಅದರ ಹಿಂದಿನ ವಿವೇಕ.

ನೆಲ ಗುರುತಿಸುವ ಕಡತ ನಿಧಾನವಾಗಿಯೇ ಸಾಗೀತು. ಅಷ್ಟರಲ್ಲಿ ಮಾಡಬಹುದಾದ, ಹೆಚ್ಚು ಖರ್ಚಿಲ್ಲದ ಕೆಲಸವೊಂದಿದೆ. 2023ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಸರ್ಕಾರಿ ವಾಹನಗಳು, ಸಾರಿಗೆ ಸಂಸ್ಥೆಗಳ ಬಸ್ಸುಗಳೂ ಸೇರಿ, ರಸ್ತೆಗೆ ಬರುವಂತಿಲ್ಲ. ಓಟ ನಿಂತ ಬಸ್ಸು ಗುಜರಿ ಹರಾಜು ಮುಗಿಯುವವರೆಗೆ ಅಂಗಳದ ಮೂಲೆಯಲ್ಲೇ ನಿಲ್ಲುತ್ತದೆ. ಚಕ್ರ ಬಿಚ್ಚಿದ, ಗಾಜಿಲ್ಲದ ಪ್ರತಿಯೊಂದು ಬಸ್ಸೂ ಓಡುವ ಬಸ್ಸೊಂದರ ಜಾಗ ತಿನ್ನುತ್ತದೆ. ಅವುಗಳ ವಿಲೇವಾರಿಗೆ ಗಡುವು ಹಾಕಿದರೆ ಈ ಮಳೆಗಾಲದೊಳಗೇ ಅಂಗಳ ಸ್ವಲ್ಪ ಸಡಿಲವಾಗುತ್ತದೆ. ನಕ್ಷೆಯ ಕೆಲಸದಲ್ಲಿ ಎರಡು ತುಂಡುಗಳು ಬೇಕು: ದಕ್ಷಿಣದಲ್ಲಿ ಖಾನಾಪುರ ರಸ್ತೆಗುಂಟ ಉದ್ಯಮಬಾಗ, ಮಚ್ಛೆಯ ಕಡೆ ಒಂದು, ಉತ್ತರದಲ್ಲಿ ರಾಮತೀರ್ಥ ನಗರ, ಆಟೋ ನಗರ ಮತ್ತು ಹೆದ್ದಾರಿಯ ನಡುವೆ ಒಂದು. ದಕ್ಷಿಣದ್ದು ಕೈಗಾರಿಕಾ ಪ್ರದೇಶವಾದ್ದರಿಂದ ಕೆಲವು ವರ್ಷ ಕಾಯಬಹುದು. ಉತ್ತರದಲ್ಲಿ ಐದಾರು ಎಕರೆಯ ತುಂಡು ಹುಡುಕುವುದು ಪ್ರತಿ ಹೊಸ ಬಡಾವಣೆಯೊಂದಿಗೆ ಕಷ್ಟವಾಗುತ್ತಿದೆ. ಅಲ್ಲಿ ಮುಂದಿನ ನಿವೇಶನ ಹಂಚಿಕೆಗೆ ಅನುಮೋದನೆ ಕೊಡುವ ಸಭೆಗೆ ಪ್ರಾಧಿಕಾರ ಸಾರಿಗೆ ಸಂಸ್ಥೆಯ ಅಧಿಕಾರಿಯನ್ನೂ ಕರೆಯಬೇಕು, ಆತ ಬರುವಾಗ ಹೊಸ ಬಸ್ಸುಗಳ ಬೇಡಿಕೆ ಪಟ್ಟಿಯ ಜೊತೆ ಡಿಪೋದ ನಕ್ಷೆಯನ್ನೂ ತರಬೇಕು.